ಹಾರ ಹಾಕಿದ ದಾನಪ್ಪನ ಫೋಟೋ

ತಾನು ತೀರಿಕೊಂಡ ಸುದ್ದಿ ಬಂದಾಗ ದಾನಪ್ಪ ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚಿನ ತನ್ನ ಮನೆಯ ಅಡುಗೆಕಟ್ಟೆಗೆ ಒರಗಿ ನಿಂತು ಒಗ್ಗರಣೆ ಹಾಕಿದ ಚುರುಮರಿ ತಿನ್ನುತ್ತಿದ್ದ. ಫೋನು ಗುಂಯ್ ಎಂದಿತು. ಅಲ್ಲಿನ ಲಿಂಗಾಯತರ ಶರಣ ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಧ್ಯಕ್ಷ ವೀರಭದ್ರಪ್ಪ ಬರೆದಿದ್ದ: ‘ನಮ್ಮ ಬಳಗದ ಹಿರಿಯರೂ ಮಾರ್ಗದರ್ಶಕರೂ ಆದ ಶ್ರೀ ದಾನಪ್ಪನವರು ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ.’ ಅದರ ಕೆಳಗೆ ಆಗಲೇ ಮುಗಿದ ಕೈಗಳ ಸಾಲು ಶುರುವಾಗಿತ್ತು.

ಬೇರೆ ಯಾವನಾದರೂ ಆಗಿದ್ದರೆ ‘ಏ ಹುಚ್ಚಪ್ಪಗಳಿರಾ, ನಾನಿನ್ನೂ ಇದ್ದೇನೆ’ ಎಂದು ಬರೆದು ಬಿಸಾಡುತ್ತಿದ್ದ. ದಾನಪ್ಪ ಹಾಗೆ ಮಾಡಲಿಲ್ಲ. ‘ಮಾರ್ಗದರ್ಶಕರು’ ಎಂಬ ಮಾತನ್ನು ಮತ್ತೊಮ್ಮೆ ಓದಿದ. ಬಳಗದ ಮೀಟಿಂಗಿನಲ್ಲಿ ಈ ವೀರಭದ್ರಪ್ಪ ಅವನ ಕೈಗೆ ಒಂದು ದಿನವೂ ಮೈಕು ಕೊಟ್ಟವನಲ್ಲ. ಬಾಯಲ್ಲಿದ್ದ ಚುರುಮರಿ ನುಂಗಿ, ಫೋನನ್ನು ಸೈಲೆಂಟಿಗೆ ಹಾಕಿ, ಕುರ್ಚಿ ಎಳೆದುಕೊಂಡು ಕೂತ.

ಅವನು ಕಾಯುತ್ತಿದ್ದದ್ದು ಒಂದೇ ಒಂದು ಹೆಸರಿಗೆ. ಸ್ಯಾನ್ ಡಿಯಾಗೋದಲ್ಲಿರುವ ಮಗಳು ದೀಪಾಲಿ ಅವನ ಜೊತೆ ಮಾತು ಬಿಟ್ಟು ಮೂರು ವರ್ಷದ ಮೇಲಾಗಿತ್ತು. ಬದುಕಿದ್ದ ಅಪ್ಪನಿಗೆ ಬಾರದ ಫೋನು ಸತ್ತ ಅಪ್ಪನಿಗಾದರೂ ಬಂದೀತೇ ಎಂದು ಅವನ ಆಸೆ. ಆಸೆ ಎಂದರೆ ಅದು ತೀರಾ ಮರ್ಯಾದೆಯ ಮಾತಾಯಿತು. ಹಸಿವು ಎನ್ನಬೇಕು.

ದಾನಪ್ಪ ಗದಗದ ಕಡೆಯವನು. ಪಕ್ಕದ ಚಾಟ್ಸ್‌ವರ್ತಿನಲ್ಲಿ ವಿಮಾನಗಳಿಗೆ ಬೋಲ್ಟು ಮಾಡುವ ಒಂದು ಕಂಪನಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿ ದುಡಿದು ರಿಟೈರ್ ಆದವನು. ತಪ್ಪು ಹುಡುಕುವುದೇ ಅವನ ಕೆಲಸ. ಕೂದಲೆಳೆಯಷ್ಟು ಬಿರುಕು ಕಂಡರೂ ಬೋಲ್ಟು ರಿಜೆಕ್ಟ್ ಡಬ್ಬಿಗೆ ಬೀಳುತ್ತಿತ್ತು. ಒಳ್ಳೆಯ ಕೆಲಸವೇ, ವಿಮಾನ ಬೀಳಬಾರದಲ್ಲ. ಆದರೆ ಆ ಕಣ್ಣನ್ನು ಅವನು ಫ್ಯಾಕ್ಟರಿಯಲ್ಲಿ ಬಿಟ್ಟು ಮನೆಗೆ ಬರುತ್ತಿರಲಿಲ್ಲ. ಹೆಂಡತಿ ಶಿವಬಸವ್ವ ತಟ್ಟಿದ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಅಂಚು ಸೀಳಿದ್ದರೆ ಮಾತಿಲ್ಲದೆ ತಟ್ಟೆಯ ಬದಿಗೆ ಸರಿಸುತ್ತಿದ್ದ. ಆಕೆ ಅದನ್ನೇ ಎತ್ತಿಕೊಂಡು ತಿನ್ನುತ್ತಿದ್ದಳು. ‘ಚಲೋ ಆಗೇತಿ’ ಎಂಬ ಎರಡು ಪದ ಆ ಬಾಯಿಂದ ಇಡೀ ಸಂಸಾರದಲ್ಲಿ ಹೊರಬೀಳಲಿಲ್ಲ. ಬೈದನೇ? ಇಲ್ಲ. ಕೈ ಎತ್ತಿದನೇ? ಛೆ. ಅದಕ್ಕೇ ಅವನು ತನ್ನನ್ನು ಒಳ್ಳೆಯ ಗಂಡ ಎಂದು ತಿಳಿದಿದ್ದ.

ದೀಪಾಲಿ ಐದು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ರಟ್ಟಿನಲ್ಲಿ ಒಂದು ಸೇತುವೆ ಕಟ್ಟಿ ಅಪ್ಪನಿಗೆ ತೋರಿಸಿದ್ದಳು. ಅವನು ಕಿಸೆಯಿಂದ ಸ್ಕೇಲ್ ತೆಗೆದು ಇಟ್ಟು ನೋಡಿ ‘ಸೊಟ್ಟ ಐತಿ’ ಎಂದ. ಅದು ಸೊಟ್ಟ ಇದ್ದದ್ದು ನಿಜ. ಆಮೇಲೆ ಅವಳು ಏನು ಮಾಡಿದರೂ ಅವ್ವನಿಗೆ ತೋರಿಸುತ್ತಿದ್ದಳು. ಸಂಜೆ ಕೆಲಸದಿಂದ ಬಂದವನು ಗ್ಯಾರೇಜಿನ ಬಾಗಿಲ ಹಿಂದೆ ನಿಂತು, ಅಡುಗೆಮನೆಯಲ್ಲಿ ತಾಯಿ ಮಗಳು ನಗುವುದನ್ನು ಕೇಳಿಸಿಕೊಳ್ಳುತ್ತಿದ್ದ. ಒಳಗೆ ಕಾಲಿಟ್ಟರೆ ನಗು ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಯಾಕೆ ನಿಲ್ಲುತ್ತದೆ ಎಂದು ಮಾತ್ರ ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

ಎರಡು ಸಾವಿರದ ಇಪ್ಪತ್ತೊಂದರ ಜನವರಿಯಲ್ಲಿ ಶಿವಬಸವ್ವನನ್ನು ಕೋವಿಡ್ ಹಿಡಿಯಿತು. ಲಾಸ್ ಏಂಜಲೀಸಿನ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗುವುದೇ ಕಷ್ಟವಾಗಿದ್ದ ತಿಂಗಳು ಅದು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದಿನಕ್ಕೊಮ್ಮೆ ನರ್ಸ್ ಒಬ್ಬಳು ಟ್ಯಾಬ್ಲೆಟ್ ಹಿಡಿದು ರೋಗಿಯ ಮುಖ ತೋರಿಸುತ್ತಿದ್ದಳು. ಆ ವಿಡಿಯೋ ಕಾಲ್‌ನ ಲಿಂಕ್ ದಾನಪ್ಪನ ಫೋನಿಗೆ ಬರುತ್ತಿತ್ತು. ಮಗಳಿಗೂ ಕಳಿಸಿದ್ದರೆ ಅವಳೂ ತಾಯಿಯನ್ನು ನೋಡಬಹುದಾಗಿತ್ತು. ಅವನು ಕಳಿಸಲಿಲ್ಲ. ಅವಳು ಫೋನು ಮಾಡಿದಾಗಲೆಲ್ಲ ‘ಆರಾಮ್ ಅದಾಳ, ಮಲಗ್ಯಾಳ, ನೀ ಕೆಲಸ ನೋಡು’ ಎಂದ.

ದೂರದಲ್ಲಿದ್ದವರಿಗೆ ಕೆಟ್ಟ ಸುದ್ದಿ ಮುಚ್ಚಿಡುವುದು ನಮ್ಮವರ ಹಳೆಯ ಚಾಳಿ. ಗಾಬರಿಯಾಗುತ್ತಾರೆ, ಪರೀಕ್ಷೆ ಇದೆ, ಕೆಲಸ ಇದೆ ಎಂದು ಹೆಣ ಎತ್ತುವತನಕ ‘ಸ್ವಲ್ಪ ಜ್ವರ’ ಎನ್ನುವ ಜನ ನಾವು. ಬಳಗದವರೂ ದಾನಪ್ಪನ ವಿಷಯದಲ್ಲಿ ಹಾಗೆಯೇ ಅಂದುಕೊಂಡು ಸುಮ್ಮನಾದರು. ಆದರೆ ನಿಜ ಅದಲ್ಲ. ಟ್ಯಾಬ್ಲೆಟ್ಟಿನೊಳಗೆ ಶಿವಬಸವ್ವ ಉಸಿರು ಕೂಡಿಸಿಕೊಂಡು ಪ್ರತಿದಿನ ಕೇಳುತ್ತಿದ್ದದ್ದು ಒಂದೇ ಮಾತು: ‘ದೀಪಾ ಎಲ್ಲಿ?’ ಒಮ್ಮೆಯೂ ‘ನೀವು ಉಂಡ್ರ್ಯಾ’ ಎಂದು ಕೇಳಲಿಲ್ಲ. ಮಗಳು ಈ ಕಾಲ್‌ಗೆ ಬಂದರೆ ಹೆಂಡತಿಯ ಕಣ್ಣು ಪೂರಾ ಅವಳ ಕಡೆಗೇ ಹೋಗುತ್ತದೆ, ತನ್ನ ಪಾಲಿಗೆ ಏನೂ ಉಳಿಯುವುದಿಲ್ಲ ಎಂದು ದಾನಪ್ಪನ ಹೊಟ್ಟೆಕಿಚ್ಚು. ‘ಕೆಲಸದಾಗ ಅದಾಳ’ ಎಂದು ಹೇಳಿ, ಇನ್ನಾದರೂ ತನ್ನನ್ನು ನೋಡುತ್ತಾಳೆಯೇ ಎಂದು ಕಾಯುತ್ತಿದ್ದ. ಸಾಯುವ ಹೆಂಡತಿಯ ನೋಟವನ್ನೂ ಮಗಳ ಜೊತೆ ಹಂಚಿಕೊಳ್ಳಲಾರದ ಬಡತನ ಅವನದು. ಕಡೆಕಡೆಗೆ ಆಕೆ ಕೇಳುವುದನ್ನು ಬಿಟ್ಟಳು. ಆಮೇಲೆ ಕಣ್ಣು ತೆರೆಯುವುದನ್ನೂ ಬಿಟ್ಟಳು.

ಎಲ್ಲ ಮುಗಿದ ಮೇಲೆ ದೀಪಾಲಿಗೆ ಫೋನು ಹೋಯಿತು. ‘ನಿನ್ನೆ ಆರಾಮ್ ಅಂದಿ’ ಎಂದಳು ಅವಳು. ಅವನು ಸುಮ್ಮನಿದ್ದ. ಅಂದಿನಿಂದ ಅವಳೂ ಸುಮ್ಮನಾದಳು.

ಇನ್ನು ಈ ಸಾವಿನ ಸುದ್ದಿ ಹುಟ್ಟಿಸಿದ ಫೋಟೋದ ಸಂಗತಿ.

ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದಿ, ಈಗ ಲಾಸ್ ಏಂಜಲೀಸಿನಲ್ಲಿ ಸಿನಿಮಾ ಮಾಡುವುದನ್ನು ಕಲಿಯುತ್ತಿದ್ದ ಸೌಜನ್ಯಾ ಎಂಬ ಹುಡುಗಿ ಒಂದು ಕಿರುಚಿತ್ರ ತೆಗೆಯುವವಳಿದ್ದಳು. ‘ಐವತ್ತೈದು ದಾಟಿದ ಅಂಕಲ್ ಒಬ್ಬರು ಬೇಕು, ಆ್ಯಕ್ಟಿಂಗ್ ಬರಬೇಕಾಗಿಲ್ಲ’ ಎಂಬ ಅವಳ ಸಂದೇಶವನ್ನು ಯಾರೋ ಬಳಗದ ಗುಂಪಿಗೆ ಫಾರ್ವರ್ಡ್ ಮಾಡಿದರು. ಗಂಡಸರೆಲ್ಲ ಕನ್ನಡಿ ನೋಡಿಕೊಂಡರು. ವೀರಭದ್ರಪ್ಪ ಕೂದಲಿಗೆ ಬಣ್ಣವನ್ನೂ ಹಚ್ಚಿದ. ಆಮೇಲೆ ತಿಳಿಯಿತು, ಆ ಪಾತ್ರ ಕಥೆ ಶುರುವಾಗುವ ಮೊದಲೇ ಸತ್ತಿದೆ, ಇಡೀ ಚಿತ್ರದಲ್ಲಿ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಆಗಿ ತೂಗುವುದಷ್ಟೇ ಅದರ ಕೆಲಸ. ಬದುಕಿದ್ದವರ ಫೋಟೋಗೆ ಹಾರ ಹಾಕುವುದುಂಟೇ? ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಸರಿದರು. ದಾನಪ್ಪ ಯಾರಿಗೂ ಹೇಳದೆ ಆ ಹುಡುಗಿಗೆ ಫೋನು ಮಾಡಿ ಒಪ್ಪಿಕೊಂಡ.

ಶೂಟಿಂಗಿಗೆಂದು ಚಾಟ್ಸ್‌ವರ್ತಿನಲ್ಲಿ ಒಂದು ಮನೆ ಗೊತ್ತು ಮಾಡಿದ್ದರು. ಅದರ ಮುಂಬಾಗಿಲ ಮೆಟ್ಟಿಲ ಮೇಲೆ ಅವನನ್ನು ಕೂರಿಸಿಕೊಂಡು ಸೌಜನ್ಯಾ ವಿವರಿಸಿದಳು.

‘ಕ್ಯಾರೆಕ್ಟರ್ ಬರೀ ಫೋಟೋ ಆದ್ರೂ ಅವ್ನಿಗೆ ಏನೇನು ಬೇಕಿತ್ತು ಅಂತ ನಂಗೆ ಗೊತ್ತಿರ್ಬೇಕು ಅಂಕಲ್. ಮನುಷ್ಯನಿಗೆ ಬೇಕಾಗೋದೆಲ್ಲ ಈ ಮೆಟ್ಲು ಥರ. ಕೆಳಗಿಂದು ಊಟ, ನಿದ್ದೆ. ಅದ್ರ ಮೇಲಿಂದು ಮನೆ, ಭಯ ಇಲ್ದೇ ಇರೋದು. ಮೂರನೇದು ಪ್ರೀತಿ, ನಮ್ಮೋರು ಅನ್ನೋರು. ನಾಲ್ಕನೇದು ಗೌರವ. ತುದೀಲಿರೋದು, ನಾವು ಏನಾಗ್ಬೇಕಿತ್ತೋ ಅದಾಗೋದು. ಮನುಷ್ಯ ಹುಟ್ತಾ ಕೆಟ್ಟೋನಲ್ಲ, ಅವ್ನಿಗೆ ಸಿಗ್ಬೇಕಾದ್ದು ಸಿಕ್ಕಿರಲ್ಲ ಅಷ್ಟೇ ಅಂತ ಈ ಸೈಕಾಲಜಿಯೋರು ಹೇಳ್ತಾರೆ.’

ಕೊನೆಯ ಮಾತು ದಾನಪ್ಪನ ಎದೆಗೆ ತುಪ್ಪ ಸವರಿದ ಹಾಗಾಯಿತು. ಕೆಟ್ಟವನಲ್ಲ, ಸಿಕ್ಕಿಲ್ಲ, ಅಷ್ಟೇ. ಇಷ್ಟು ಅನುಕೂಲದ ಶಾಸ್ತ್ರ ತನಗೆ ಇಷ್ಟು ದಿನ ಯಾಕೆ ತಿಳಿದಿರಲಿಲ್ಲ ಎನಿಸಿತು. ತಾನು ಯಾರಿಗೆ ಏನನ್ನು ಸಿಗಗೊಡಲಿಲ್ಲ ಎಂಬ ಲೆಕ್ಕ ಅದರಲ್ಲಿ ಬರುತ್ತದೆಯೇ ಎಂದು ಅವನು ಕೇಳಲಿಲ್ಲ.

‘ಮೂರನೇ ಮೆಟ್ಲು ಹೇಳಿ ಅಂಕಲ್. ನಿಮ್ಮೋರು ಅಂತ ಯಾರಿದಾರೆ?’

‘ಮಗಳದಾಳ್ರಿ. ಸ್ಯಾನ್ ಡಿಯಾಗೋದಾಗ. ಸೊರೆಂಟೊ ವ್ಯಾಲಿ ಒಳಗ ಬಯೋಟೆಕ್ ಕಂಪನಿ. ದಿನಾ ಸಂಜಿಕ ಫೋನ್ ಮಾಡ್ತಾಳ. ಊಟ ಆತೇನಪಾ, ಗುಳಿಗಿ ತಗೊಂಡಿಯೇನು ಅಂತ. ಒಂದ್ ದಿನಾ ತಪ್ಪಂಗಿಲ್ಲ.’

ಹುಡುಗಿಯ ಕಣ್ಣು ಒದ್ದೆಯಾಯಿತು. ‘ಇದನ್ನ ನಾನು ಫಿಲ್ಮಲ್ಲಿ ಹಾಕ್ಕೋತೀನಿ ಅಂಕಲ್’ ಎಂದಳು. ‘ಅಪ್ಪ ಹೋದ್ಮೇಲೂ ಮಗಳು ದಿನಾ ಅವ್ನ ನಂಬರಿಗೆ ಫೋನ್ ಮಾಡ್ತಾಳೆ. ಊಟ ಆಯ್ತಾ ಅಂತ ಕೇಳ್ತಾಳೆ. ಸರಿ, ತುದಿ ಮೆಟ್ಲು? ನೀವು ಏನಾಗ್ಬೇಕು ಅಂತಿತ್ತು?’

‘ಅಷ್ಟು ಮ್ಯಾಲ ಹತ್ತಾಕ ಮೊಣಕಾಲ ನೋಯ್ತಾವವ್ವ’ ಎಂದು ದಾನಪ್ಪ ಮಾತು ತಿರುಗಿಸಿದ.

ಕೋಟು ಹಾಕಿ ಅವನ ಫೋಟೋ ತೆಗೆದರು. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗಿದರು. ಗಾಜಿನ ಮೇಲೆ ವಿಭೂತಿ ಪಟ್ಟೆ, ಸುತ್ತ ಗಂಧದ ಹಾರ, ಕೆಳಗೆ ದೀಪ. ಶೂಟಿಂಗಿನ ದಿನ ದಾನಪ್ಪ ಕ್ಯಾಮೆರಾದ ಹಿಂದೆ ಒಂದು ಕುರ್ಚಿಯಲ್ಲಿ ಕೂತಿದ್ದ. ಮಗಳ ಪಾತ್ರದ ಹುಡುಗಿ ಫೋಟೋದ ಮುಂದೆ ನಿಂತು ‘ಅಪ್ಪಾ’ ಎಂದು ಬಿಕ್ಕಿದಾಗ ಅವನು ಕುರ್ಚಿಯ ತುದಿಗೆ ಸರಿದ. ಮತ್ತೆ ತೆಗೆದರು. ಅವಳು ಮತ್ತೆ ಬಿಕ್ಕಿದಳು, ಇವನು ಮತ್ತೆ ಮುಂದಕ್ಕೆ ಬಾಗಿದ. ತನ್ನ ಸಲುವಾಗಿ ಒಂದು ಹೆಣ್ಣುಮಗು ಅಳುವುದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವನ ತಕರಾರು ಒಂದೇ, ಫೋಟೋ ಸ್ವಲ್ಪ ಸೊಟ್ಟ ಇತ್ತು. ಎದ್ದು ಹೋಗಿ ತಾನೇ ನೆಟ್ಟಗೆ ಮಾಡಿದ. ಹಾಗೆಯೇ ತನ್ನ ಫೋನಿನಲ್ಲಿ ಅದರದೊಂದು ಚಿತ್ರ ಹಿಡಿದುಕೊಂಡ. ಮನೆಗೆ ಬಂದು ಅದನ್ನೇ ವಾಟ್ಸ್ಆ್ಯಪಿನ ಡಿಪಿ ಮಾಡಿದ.

ಗೊತ್ತಿಲ್ಲದೆ ಮಾಡಿದ ಪಾಪ ಎಂದು ಹೇಳುವವರಿದ್ದಾರೆ. ಗೊತ್ತಿಲ್ಲದೆ ಏನು ಮಣ್ಣು! ಯಾರದಾದರೂ ಡಿಪಿಯಲ್ಲಿ ಹಾರ ಹಾಕಿದ ಫೋಟೋ ಬಂದರೆ ಏನರ್ಥ ಎಂದು ನಮ್ಮ ಜನಕ್ಕೆ ಹೇಳಿಕೊಡಬೇಕೆ? ಮನೆಯಲ್ಲಿ ಒಬ್ಬರು ಹೋದರೆ ಮಕ್ಕಳು ಮೊದಲು ಮಾಡುವ ಕೆಲಸವೇ ಅದು. ಶಿವಬಸವ್ವ ಹೋದಾಗ ಅವಳ ಫೋನಿನಲ್ಲಿ ಅವಳ ಡಿಪಿ ಬದಲಿಸಿದವನು ಇವನೇ.

ಆ ಡಿಪಿ ನೋಡಿ ಸತ್ತನೆಂದುಕೊಂಡ ಬಳಗದವರೋ, ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ. ಯಾವಾಗ, ಹೇಗೆ, ಯಾವ ಆಸ್ಪತ್ರೆ ಎಂದು ಗುಂಪಿನಲ್ಲಿ ಒಬ್ಬರೂ ಕೇಳಲಿಲ್ಲ. ಮಗಳು ಸ್ಯಾನ್ ಡಿಯಾಗೋಕ್ಕೆ ಕರೆದೊಯ್ದಿರಬೇಕು, ಅಲ್ಲೇ ಹೋಗಿರಬೇಕು ಎಂದು ತಾವೇ ಹೊಲಿಗೆ ಹಾಕಿದರು. ‘ಅವರ ನಗುಮುಖ ಮರೆಯಲಾಗದು’ ಎಂದು ಒಬ್ಬ ಬರೆದ. ದಾನಪ್ಪನಿಗೆ ತನ್ನ ನಗುಮುಖ ಹೇಗಿರುತ್ತದೆ ಎಂಬುದೇ ನೆನಪಾಗಲಿಲ್ಲ. ಇನ್ನೊಬ್ಬ ಹಿಂದಿನ ಯಾವುದೋ ಸಾವಿನ ಸಂದೇಶವನ್ನೇ ಎತ್ತಿ ಹಾಕಿದ್ದ, ಅದರಲ್ಲಿ ‘ತಾಯಿಯವರ ಆತ್ಮಕ್ಕೆ ಶಾಂತಿ’ ಎಂದಿತ್ತು. ಮರುದಿನ, ಶನಿವಾರ, ಗುಂಪಿನ ಓಂಪ್ರಕಾಶ್ ಕೇಳಿದ, ‘ಬಳಗದ ದೊಡ್ಡ ಹಂಡೆ ಅವರ ಮನೆಯಲ್ಲಿತ್ತು, ಭಾನುವಾರ ಪಾಟ್‌ಲಕ್ ಇದೆ, ಯಾರು ತರುತ್ತೀರಿ?’ ಅಲ್ಲಿಂದ ಮಾತು ಎಣ್ಣೆಗಾಯಿ ಯಾರು, ಕಡಬು ಯಾರು ಎಂಬ ಕಡೆಗೆ ಹೊರಳಿ, ದಾನಪ್ಪ ಮೇಲೆ ಮೇಲೆ ಸರಿದು ಪರದೆಯಿಂದ ಮರೆಯಾದ. ‘ಹಂಡೆ ಗ್ಯಾರೇಜಿನಾಗ ಐತಿ’ ಎಂದು ಬರೆಯಲು ಅವನ ಬೆರಳು ತುರಿಸಿದವು.

ದೀಪಾಲಿಯ ಫೋನು ಬರಲಿಲ್ಲ.

ಭಾನುವಾರ ಮಧ್ಯಾಹ್ನ ಪಾಟ್‌ಲಕ್‌ಗೆ ಹೋಗುವ ದಾರಿಯಲ್ಲಿ ವೀರಭದ್ರಪ್ಪನೂ ಅವನ ಹೆಂಡತಿ ಜಯಾಳೂ ಹೂವಿನ ಗೊಂಚಲು ಹಿಡಿದು ಬಂದರು. ದಾನಪ್ಪ ಮಹಡಿಯ ಕೋಣೆಯಲ್ಲಿ ಅಲ್ಲ, ಅದರ ಬಟ್ಟೆಯ ಕ್ಲಾಸೆಟ್ಟಿನೊಳಗೆ ಹೊಕ್ಕು ಕೂತ. ಬಾಗಿಲ ಗಂಟೆಗೆ ಕ್ಯಾಮೆರಾ ಇತ್ತು. ಹೊರಗೆ ಅವರು ಆಡಿದ್ದೆಲ್ಲ ಅವನ ಫೋನಿನಲ್ಲಿ ಕಾಣುತ್ತಿತ್ತು, ಕೇಳುತ್ತಿತ್ತು.

‘ಮಗಳೇನಂದ್ಲು?’ ಎಂದಳು ಜಯಾ.

‘ನಾ ಮೊದಲ ಫೋನ್ ಮಾಡಿದಾಗ ಆಕಿಗೆ ಗೊತ್ತ ಇರಲಿಲ್ಲ ಅನಿಸ್ತು. ಆಮ್ಯಾಲೆ ಮಾಡ್ತೀನಿ ಅಂದ್ಲು. ಇವತ್ ಮುಂಜಾನಿ ತಾನ ಮಾಡಿ, ಹೌದ್ರಿ ಅಂಕಲ್, ಎಲ್ಲಾ ಇಲ್ಲೇ ಮುಗಿಸೇನಿ ಅಂದ್ಲು. ದನಿ ಪೂರಾ ಒಣಗಿತ್ತು.’

‘ಒಣಗಲಾರದ ಏನು? ತಾಯಿ ಸಾಯೂಮುಂದ ಒಂದ್ ಮಾತು ಹೇಳಲಿಲ್ಲ ಈ ಮನಿಷ್ಯಾ. ಶಿವಬಸಕ್ಕ ಎಂಥಾ ಹೆಣಮಗಳು. ರೊಟ್ಟಿ ಮಾಡಿ ಮಾಡಿ ಸತ್ಲು. ಇಂವಾ ಹ್ವಾದ ಅಂತ ಕೇಳಿ ನನಗ ಖರೇ ಹೇಳ್ತೀನಿ, ಕಣ್ಣೀರ ಬರಲಿಲ್ಲ.’

‘ಸತ್ತವರ ಬಗ್ಗೆ ಹಂಗ ಮಾತಾಡಬಾರದು.’

‘ನಿಮಗ ಬಂತ?’

ವೀರಭದ್ರಪ್ಪ ಗ್ಯಾರೇಜಿನ ಕಡೆ ನೋಡುತ್ತ, ‘ಹಂಡೆ ಒಳಗ ಉಳೀತು ನೋಡು’ ಎಂದ. ಹೂವನ್ನು ಹೊಸ್ತಿಲ ಮುಂದೆ ಇಟ್ಟು ಇಬ್ಬರೂ ಕಾರು ಹತ್ತಿದರು.

ಜಯಾಳ ಮಾತು ದಾನಪ್ಪನನ್ನು ಚುಚ್ಚಿತು. ಆದರೆ ಆ ಚುಚ್ಚಿನ ಮೇಲೆ ಒಂದು ಸಂತೋಷ ಹತ್ತಿ ಕೂತಿತು: ಮಗಳ ದನಿ ಒಣಗಿದೆ! ಅತ್ತೂ ಅತ್ತೂ ಒಣಗಿದೆ! ತನ್ನ ಸಲುವಾಗಿ! ಕ್ಲಾಸೆಟ್ಟಿನ ಕತ್ತಲೆಯಲ್ಲಿ, ಹೆಂಡತಿಯ ಹಳೆಯ ಇಳಕಲ್ ಸೀರೆಗಳ ಕೆಳಗೆ ಕೂತು ಆ ಮನುಷ್ಯ ಹಿಗ್ಗಿದ. ಹೆಣವೇ ಇಲ್ಲದೆ ಮಗಳು ಎಲ್ಲ ಮುಗಿಸಿದ್ದು ಹೇಗೆ ಎಂದು ಅವನಿಗೆ ಹೊಳೆಯಲಿಲ್ಲ. ಕೂದಲೆಳೆಯ ಬಿರುಕು ಹಿಡಿಯುತ್ತಿದ್ದ ಕಣ್ಣಿಗೆ ಕೈ ತೂರುವಷ್ಟು ದೊಡ್ಡ ಬಿರುಕು ಕಾಣಲಿಲ್ಲ.

ಮರುದಿನ ಅವನು ಫೋಟೋದಲ್ಲಿದ್ದ ಕೋಟನ್ನೇ ಹಾಕಿಕೊಂಡು ಸ್ಯಾನ್ ಡಿಯಾಗೋಕ್ಕೆ ಡ್ರೈವ್ ಮಾಡಿದ. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ. ಬಾಗಿಲು ತೆರೆಯುತ್ತಾಳೆ. ಚೀರುತ್ತಾಳೆ. ಬಂದು ತೆಕ್ಕೆಗೆ ಬೀಳುತ್ತಾಳೆ. ಆಮೇಲೆ ಬೈಯುತ್ತಾಳೆ, ಬೈಯಲಿ, ಎಷ್ಟಾದರೂ ಬೈಯಲಿ. ಬಲಕ್ಕೆ ಸಮುದ್ರ ಕಾಣಿಸಿಕೊಂಡಾಗ ಅವನು ಏನೋ ಹಳೆಯ ಹಾಡು ಗುನುಗುತ್ತಿದ್ದ. ಸೊರೆಂಟೊ ವ್ಯಾಲಿ ದಾಟಿ ಅವಳ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿದಾಗ ಅವಳು ಕೆಲಸದಿಂದ ಬರುವ ಹೊತ್ತಾಗಿತ್ತು.

ದೀಪಾಲಿ ಬಾಗಿಲು ತೆರೆದಳು. ಚೀರಲಿಲ್ಲ. ಕೋಟನ್ನು ನೋಡಿದಳು, ಮುಖವನ್ನು ನೋಡಿದಳು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

‘ಬರ್ರಿ’ ಎಂದಳು.

ಚಿಕ್ಕಂದಿನಿಂದ ಅಪ್ಪನಿಗೆ ‘ನೀ’ ಎಂದವಳು. ದಾನಪ್ಪ ಅದನ್ನು ಕೇಳಿಯೂ ಕೇಳದವನಂತೆ ಒಳಗೆ ಬಂದ.

‘ದೀಪಾ, ನಾ ಅದೀನವ್ವ. ಮಂದಿ ಏನೋ ತಪ್ಪ ತಿಳಕೊಂಡು...’

‘ಗೊತ್ತೈತಿ. ಕೂಡ್ರಿ.’

‘ಗೊತ್ತೈತಿ? ಯಾವಾಗಿಂದ?’

‘ಫಸ್ಟ್ ದಿವಸದಿಂದ. ವೀರಭದ್ರಪ್ಪ ಅಂಕಲ್ ಫೋನ್ ಮಾಡಿದ್ರು. ನನ್ನ ಕೈಕಾಲು ತಣ್ಣಗಾದ್ವು. ನಿಮ್ಮ ಪಕ್ಕದ ಮನಿ ಮಿಸೆಸ್ ಪಾರ್ಕ್‌ಗೆ ಕಾಲ್ ಮಾಡಿ ಕೇಳಿದೆ. ಈಗಷ್ಟೇ ಟ್ರ್ಯಾಷ್ ಬಿನ್ ಒಳಗ ಎಳಕೊಂಡು ಹೋದ್ರಲ್ಲ ನಿಮ್ಮಪ್ಪ ಅಂದ್ರು.’

‘ಕೈಕಾಲು ತಣ್ಣಗಾದ್ವ?’ ಎಂದ ದಾನಪ್ಪ. ಕೇಳಬಾರದಾಗಿತ್ತು. ಕೇಳುವಾಗ ಅವನ ಮುಖ ಅರಳಿತು.

ದೀಪಾಲಿ ಆ ಅರಳಿದ ಮುಖವನ್ನು ಚೆನ್ನಾಗಿ ನೋಡಿಕೊಂಡಳು. ‘ಇದನ್ನ ಕೇಳಾಕ ಬಂದೀರಿ ನೀವು’ ಎಂದಳು. ದನಿ ಏರಲಿಲ್ಲ. ‘ನಾ ಕಾಯ್ದೆ. ಅಪ್ಪ ಫೋನ್ ಮಾಡ್ತಾನ, ಗಾಬರಿ ಆಗಬ್ಯಾಡ ದೀಪಾ, ನಾ ಅದೀನಿ ಅಂತಾನ ಅಂತ. ಅವ್ವನ ವಿಷಯ ಮುಚ್ಚಿಟ್ಟಿದ್ದು ನನಗ ಗಾಬರಿ ಆಗ್ತೈತಿ ಅಂತಾನ ಇದ್ದಿರಬಹುದು, ಒನ್ ಲಾಸ್ಟ್ ಚಾನ್ಸ್ ಕೊಡೂಣು ಅಂತ. ಶನಿವಾರ ಪೂರಾ ಕಾಯ್ದೆ. ನೀವು ಮಾಡಲಿಲ್ಲ. ನಾ ಎಷ್ಟು ಅಳ್ತೀನಿ ಅಂತ ನೋಡ್ಕೋತ ಕೂತ್ರಿ. ಅದಕ್ಕ ಭಾನುವಾರ ಅಂಕಲ್‌ಗೆ ಫೋನ್ ಮಾಡಿ ಹೌದು ಅಂದೆ.’

‘ಹಂಗ್ಯಾಕ ಅಂದ್ಯವ್ವ?’

‘ಹಗರಾತು. ಎಲ್ಲಾರೂ ಅಪ್ಪನ ಜೋಡಿ ಮಾತಾಡು, ಅಪ್ಪನ ಜೋಡಿ ಮಾತಾಡು ಅಂತಿದ್ರು. ಈಗ ಯಾರೂ ಅನ್ನಂಗಿಲ್ಲ.’ ಎದುರಿನ ಕುರ್ಚಿಯಲ್ಲಿ ಕೂತು ಅಂದಳು, ‘ಆ ಫಿಲ್ಮಿನ ಹುಡುಗಿನೂ ನೀವು ಹೋದ್ರಿ ಅಂತ ಕೇಳಿ, ನನ್ನ ನಂಬರ್ ಹುಡುಕಿ ಫೋನ್ ಮಾಡಿದ್ಲು. ಭಾಳ ಅತ್ಲು. ತಗದಷ್ಟು ಫಿಲ್ಮ್ ಕಳಿಸಿದ್ಲು. ಅದರಾಗ ನಾ ದಿನಾ ಫೋನ್ ಮಾಡ್ತೀನಂತ. ಗುಳಿಗಿ ತಗೊಂಡಿಯೇನು ಅಂತ ಕೇಳ್ತೀನಂತ.’

ದಾನಪ್ಪ ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿದ.

‘ಅವ್ವ ದಿನಾ ದೀಪಾ ಎಲ್ಲಿ ಅಂತ ಕೇಳ್ತಿದ್ಲು’ ಎಂದಳು ದೀಪಾಲಿ. ‘ಅವ್ವ ಹೋದ ಮ್ಯಾಲ ಆಸ್ಪತ್ರಿಗೆ ಫೋನ್ ಮಾಡಿದಾಗ ಆ ನರ್ಸ್ ನನಗ ಹೇಳಿದ್ಲು. ನೀವು ಒಂದಿನ ಹೇಳ್ತೀರಿ, ಯಾಕ ಹಂಗ ಮಾಡಿದ್ರಿ ಅಂತ ಹೇಳ್ತೀರಿ ಅಂತ ಇಷ್ಟ ವರ್ಷ ಕಾಯ್ಕೋತ ಇದ್ದೆ.’

ಹೇಳಬೇಕೆಂದರೆ ಅದೇ ಹೊತ್ತು. ನನಗೂ ನಿಮ್ಮವ್ವನ ನೋಟ ಬೇಕಿತ್ತು, ನಿನ್ನ ಮೇಲೆ ಹೊಟ್ಟೆಕಿಚ್ಚುಪಟ್ಟೆ ಎಂದು ಒಂದು ಮಾತು. ಅದು ಗಂಟಲಿನವರೆಗೆ ಬಂದಿತ್ತು. ದಾನಪ್ಪ ಉಗುಳು ನುಂಗಿದ. ಅದರ ಜೊತೆ ಮಾತೂ ಇಳಿಯಿತು.

‘ನಿನಗ ಗಾಬರಿ ಆಗ್ತೈತಿ ಅಂತವ್ವ’ ಎಂದ.

ದೀಪಾಲಿ ತಲೆಯಾಡಿಸಿದಳು, ನಿರೀಕ್ಷಿಸಿದ ಉತ್ತರವೇ ಬಂದಂತೆ. ‘ಊಟ ಮಾಡ್ರಿ’ ಎಂದು ಎದ್ದಳು. ‘ಕತ್ತಲಾಗ ಡ್ರೈವ್ ಮಾಡಬ್ಯಾಡ್ರಿ. ಸೋಫಾ ಮ್ಯಾಲ ಹಾಸ್ತೀನಿ. ಮುಂಜಾನಿ ಎದ್ದು ಹೋಗ್ರಿ.’

ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮೊಸರು ತಂದಿಟ್ಟಳು. ಸೋಫಾದ ಮೇಲೆ ಮಡಿಚಿದ ಬ್ಲ್ಯಾಂಕೆಟ್ ಇಟ್ಟಳು. ಕೆಳಗಿಂದು ಊಟ, ನಿದ್ದೆ, ಅದರ ಮೇಲಿಂದು ತಲೆಯ ಮೇಲೆ ಸೂರು. ಸಿನಿಮಾದ ಹುಡುಗಿಯ ಮೆಟ್ಟಿಲು ದಾನಪ್ಪನಿಗೆ ನೆನಪಾದವು. ಮಗಳು ಎರಡನ್ನು ಕೊಟ್ಟು ಅಲ್ಲಿಗೇ ನಿಂತಿದ್ದಳು. ಬೀದಿಯಲ್ಲಿ ಹೋಗುವ ಯಾವ ಮುದುಕನಿಗಾದರೂ ಅವಳು ಅಷ್ಟು ಕೊಡುತ್ತಿದ್ದಳು. ತಟ್ಟೆಯಲ್ಲಿದ್ದ ರೊಟ್ಟಿಯ ಅಂಚು ಸೀಳಿತ್ತು. ಅವನು ಅದನ್ನು ಬದಿಗೆ ಸರಿಸಲಿಲ್ಲ. ಹಿಂಡಿ ಹಚ್ಚಿಕೊಂಡು ತಿಂದ.

‘ರೊಟ್ಟಿ ಚಲೋ ಆಗ್ಯಾವು’ ಎಂದ.

‘ಅಂಗಡ್ಯಾಗಿನವು’ ಎಂದಳು ದೀಪಾಲಿ.

ಆಗ ಅವನ ಕಣ್ಣು ಎದುರಿನ ಗೋಡೆಗೆ ಹೋಯಿತು. ಶಿವಬಸವ್ವನ ಫೋಟೋ ಇತ್ತು, ಹಾರ, ಕೆಳಗೆ ಸಣ್ಣ ದೀಪ. ಫೋಟೋದಲ್ಲಿ ಆಕೆ ನಗುತ್ತಿದ್ದಳು, ಗ್ಯಾರೇಜಿನ ಬಾಗಿಲ ಹಿಂದೆ ನಿಂತು ಅವನು ಕೇಳುತ್ತಿದ್ದ ನಗು. ಅದರ ಪಕ್ಕದಲ್ಲಿ ಒಂದು ಹೊಸ ಮೊಳೆ ಬಡಿದಿತ್ತು. ಗೋಡೆಯಿಂದ ಉದುರಿದ ಸುಣ್ಣದ ಪುಡಿ ಇನ್ನೂ ಕೆಳಗೇ ಇತ್ತು.

‘ಅದು ಯಾತಕ?’

‘ನಿಮ್ಮ ಫೋಟೋಕ್ಕ. ಆ ಹುಡುಗಿ ಪೋಸ್ಟಿನಾಗ ಕಳಸ್ತಾಳಂತ, ಹಾರ ಸಹಿತ. ಅವ್ವನ ಬಾಜೂಕ ಇರ್ಲಿ ಅಂತ.’

ದಾನಪ್ಪ ಮೊಳೆಯನ್ನೇ ನೋಡುತ್ತ ಕೂತ. ಶಿವಬಸವ್ವನ ಪಕ್ಕ, ಮಗಳ ಮನೆಯಲ್ಲಿ, ದಿನವೂ ದೀಪ ಹಚ್ಚುವ ಜಾಗ. ಅವನು ಜೀವಮಾನವಿಡೀ ಬೇಡಿದ್ದು ಅದನ್ನೇ. ಅದು ಸಿಕ್ಕಿತ್ತು. ಇವನು ಎದ್ದು ಹೋದ ಮೇಲೆ ಉಪಯೋಗಕ್ಕೆ ಬರುವಂತೆ ಸಿಕ್ಕಿತ್ತು. ಕಣ್ಣು ತುಂಬಿ ಬಂದು ಮೊಳೆ ಎರಡಾಗಿ ಕಂಡಿತು. ತೋಳಿನಿಂದ ಒರೆಸಿಕೊಂಡು ಮತ್ತೆ ನೋಡಿದ.

‘ಮೊಳಿ ಸೊಟ್ಟ ಐತೆವ್ವ’ ಎಂದ.

ದೀಪಾಲಿ ಒಳಗೆ ಹೋಗಿ ಸುತ್ತಿಗೆ ತಂದು ಕೊಟ್ಟಳು. ದಾನಪ್ಪ ಕೈ ತೊಳೆದು, ಕೋಟು ಬಿಚ್ಚಿಟ್ಟು, ಮೊಳೆ ಕಿತ್ತ. ಹೆಂಡತಿಯ ಫೋಟೋದ ಮೇಲಂಚಿಗೆ ಬೆರಳಿಟ್ಟು ಅಳತೆ ಹಿಡಿದು, ಕಣ್ಣು ಕಿರಿದು ಮಾಡಿ, ಹೊಸದಾಗಿ ನೆಟ್ಟಗೆ ಬಡಿದ. ಹಿಂದೆ ಸರಿದು ನಿಂತು ನೋಡಿದ. ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ, ಅವಳು ಏನಾದರೂ ಅಂದಾಳೆಂದು ಕಾದ.

‘ಚಲೋ ಆತು’ ಎಂದಳು ದೀಪಾಲಿ. ಸುತ್ತಿಗೆ ಇಸಿದುಕೊಂಡು, ಅವನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.